ವಿಓ ಇಲ್ಲ, ಬೈಟ್ ಇಲ್ಲ: ಫ್ರೆಡರಿಕ್ ವೈಸ್‌ಮನ್ ಚಿತ್ರಗಳನ್ನು ನೋಡುವುದು ಹೇಗೆ

ಫ್ರೆಡರಿಕ್ ವೈಸ್‌ಮನ್ 1967ರಿಂದ 2023ರವರೆಗೆ ನಲವತ್ತಕ್ಕೂ ಜಾಸ್ತಿ ಚಿತ್ರ ಮಾಡಿದ ಅಮೆರಿಕದ ನಿರ್ದೇಶಕ. ಒಂದೆರಡು ಬಿಟ್ಟರೆ ಎಲ್ಲವೂ ಸಾಕ್ಷ್ಯಚಿತ್ರಗಳೇ. ಅವುಗಳಲ್ಲಿ ಹಿನ್ನೆಲೆ ದನಿ ಇರುವುದಿಲ್ಲ. ಯಾರೂ ಕ್ಯಾಮೆರಾ ಎದುರು ಕೂತು ಸಂದರ್ಶನ ಕೊಡುವುದಿಲ್ಲ. ಮಾತಾಡುವವರ ಹೆಸರು, ಹುದ್ದೆ ಬರೆದ ಪಟ್ಟಿ ಕೆಳಗೆ ಬರುವುದಿಲ್ಲ. ಅಳು ಬರಿಸಲಿಕ್ಕೆ ಪಿಟೀಲು ಕುಯ್ಯುವುದಿಲ್ಲ. ಕೆಲವು ಒಂದೂಕಾಲು ಗಂಟೆ, ಕೆಲವು ನಾಲ್ಕು ಗಂಟೆ, ಒಂದಂತೂ ಹತ್ತಿರ ಹತ್ತಿರ ಆರು ಗಂಟೆ. 'ಅಷ್ಟು ಹೊತ್ತು ಕೂತು ಏನು ನೋಡ್ತೀಯ?' ಅಂತ ಕೇಳಿದವರಿಗೆಲ್ಲ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನ ಸುದ್ದಿ ಚಾನೆಲ್ ಒಂದರಲ್ಲಿ ವಿಡಿಯೊ ಎಡಿಟರ್ ಆಗಿದ್ದವಳು. ಈಗ ಬಾಸ್ಟನ್ ಹತ್ತಿರ ಇದ್ದೇನೆ. ನಮ್ಮ ಕೆಲಸದ ಸೂತ್ರ ಸರಳ: ವಿಓ (ಹಿನ್ನೆಲೆ ದನಿ), ಬೈಟ್ (ಯಾರಾದರೂ ಕ್ಯಾಮೆರಾಗೆ ಹೇಳಿದ ಮಾತಿನ ತುಣುಕು), ವಿಓ, ಬೈಟ್, ಕೊನೆಗೆ ವರದಿಗಾರ ತನ್ನ ಹೆಸರು ಹೇಳಿ ಮುಗಿಸುವ ಸೈನ್ ಆಫ್. ಚಿತ್ರ ಏನು ಹೇಳುತ್ತಿದೆ ಅಂತ ನೋಡುವವರು ಯೋಚಿಸುವ ಮೊದಲೇ ನಾವು ಹೇಳಿ ಮುಗಿಸಿರುತ್ತೇವೆ. ಹಾಗಾಗಿ ಇಲ್ಲಿರುವುದು ಎಡಿಟರ್ ಕಣ್ಣಿನ ಸಲಹೆಗಳು. ವಿಮರ್ಶಕರು ಬೇರೆ ದಾರಿ ತೋರಿಸಬಹುದು. ನನ್ನ ಲೆಕ್ಕದಲ್ಲಿ ವೈಸ್‌ಮನ್ ಮೊದಲು ಎಡಿಟರ್, ಉಳಿದದ್ದೆಲ್ಲ ಆಮೇಲೆ. ವಿಷಯಕ್ಕಾಗಿ ಮಾತ್ರ ನೋಡಿದರೆ ಅವರು ಅರ್ಧ ಸಿಗುತ್ತಾರೆ. ಯಾವುದರ ಪಕ್ಕ ಯಾವುದನ್ನು ಇಟ್ಟಿದ್ದಾರೆ ಅಂತ ನೋಡಬೇಕು.

ನೋಡುವ ಮೊದಲು ಇಷ್ಟು ಗೊತ್ತಿರಲಿ

ವೈಸ್‌ಮನ್ ಹುಟ್ಟಿದ್ದು 1930ರ ಜನವರಿ 1ರಂದು, ಬಾಸ್ಟನ್‌ನಲ್ಲಿ. ಓದಿದ್ದು ಯೇಲ್‌ನಲ್ಲಿ ಕಾನೂನು. ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಪಾಠವನ್ನೂ ಮಾಡಿದರು. ಸಿನಿಮಾ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಶರ್ಲಿ ಕ್ಲಾರ್ಕ್ ನಿರ್ದೇಶಿಸಿದ 'ದಿ ಕೂಲ್ ವರ್ಲ್ಡ್' ಎಂಬ ಚಿತ್ರಕ್ಕೆ ನಿರ್ಮಾಪಕರಾದರು, ಅದನ್ನು ಹತ್ತಿರದಿಂದ ನೋಡಿ, ಇದನ್ನು ನಾನೂ ಮಾಡಬಲ್ಲೆ ಅಂತ ಧೈರ್ಯ ತಂದುಕೊಂಡರು. ಮೊದಲ ಚಿತ್ರ ಬಂದಾಗ ವಯಸ್ಸು 37.

ಅವರ ತಂಡದಲ್ಲಿ ಮೂರೇ ಜನ. ಕ್ಯಾಮೆರಾ ಹಿಡಿಯುವವರು ಒಬ್ಬರು. ಫಿಲ್ಮ್ ತುಂಬಿಕೊಡುವ ಸಹಾಯಕ ಒಬ್ಬ. ಮೂರನೆಯವರು ಮೈಕ್ ಹಿಡಿದ ವೈಸ್‌ಮನ್. ಹೌದು, ನಿರ್ದೇಶಕರೇ ಶಬ್ದ ಹಿಡಿಯುತ್ತಿದ್ದರು. ಮೈಕ್ ಎತ್ತ ತಿರುಗಿತೋ ಕ್ಯಾಮೆರಾ ಅತ್ತ. ಕಣ್ಸನ್ನೆ, ಕೈಸನ್ನೆಯಲ್ಲೇ ಮಾತುಕತೆ. ಎಪ್ಪತ್ತರ ದಶಕದ ಚಿತ್ರಗಳಲ್ಲಿ ವಿಲಿಯಂ ಬ್ರೇನ್, ಆಮೇಲೆ ದಶಕಗಟ್ಟಲೆ ಜಾನ್ ಡೇವಿ ಅವರ ಕ್ಯಾಮೆರಾಮನ್. ಚಿತ್ರೀಕರಣಕ್ಕೆ ನಾಲ್ಕರಿಂದ ಹನ್ನೆರಡು ವಾರ. ಮೊದಲೇ ಹೋಗಿ ಸಂಶೋಧನೆ ಮಾಡುವ ಪದ್ಧತಿ ಅವರಿಗೆ ಇರಲಿಲ್ಲ, ಚಿತ್ರೀಕರಣವೇ ಸಂಶೋಧನೆ ಅನ್ನುತ್ತಿದ್ದರು. 16 ಎಂಎಂ ಫಿಲ್ಮ್ ಒಂದು ಸುತ್ತು ಸುಮಾರು 11 ನಿಮಿಷಕ್ಕೆ ಮುಗಿಯುತ್ತದೆ. ಯಾವಾಗ ಕ್ಯಾಮೆರಾ ಶುರು ಮಾಡಬೇಕು ಅನ್ನುವುದೇ ಅಲ್ಲಿ ದೊಡ್ಡ ನಿರ್ಧಾರ.

ಆಮೇಲೆ ಎಡಿಟಿಂಗ್. ಒಂದು ವರ್ಷದ ಹತ್ತಿರ ಒಬ್ಬರೇ ಕೂರುತ್ತಿದ್ದರು. ಮೊದಲ ಆರೆಂಟು ತಿಂಗಳು ಬಿಡಿಬಿಡಿ ಸನ್ನಿವೇಶಗಳನ್ನು ಕತ್ತರಿಸಿ ಸಿದ್ಧ ಮಾಡುವುದು. ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ಯೋಚನೆ ಆಗ ಇಲ್ಲ. ಎಲ್ಲ ಸಿದ್ಧವಾದ ಮೇಲೆ ಮೂರು ನಾಲ್ಕು ದಿನದಲ್ಲಿ ಜೋಡಣೆ. ಅದು ಅಂತಿಮ ಚಿತ್ರಕ್ಕಿಂತ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಉದ್ದ ಇರುತ್ತಿತ್ತು, ಅದನ್ನು ತಿದ್ದಿ ತೀಡಿ ಇಳಿಸುವುದು. ಎಲ್ಲ ಮುಗಿದ ಮೇಲೆ, ಬಿಟ್ಟ ಫುಟೇಜನ್ನೆಲ್ಲ (ತೆಗೆದ ಚಿತ್ರಿಕೆಗಳನ್ನು) ಮತ್ತೆ ಮೊದಲಿನಿಂದ ನೋಡುತ್ತಿದ್ದರು, ಉಪಯೋಗಕ್ಕೆ ಬರುವುದೇನಾದರೂ ಕಣ್ತಪ್ಪಿದೆಯಾ ಅಂತ. ಎಡಿಟರ್ ಆಗಿದ್ದವರಿಗೆ ಈ ಕೊನೆಯ ಹೆಜ್ಜೆ ಕೇಳಿದರೆ ತಲೆ ತಿರುಗುತ್ತದೆ. ನಮ್ಮಲ್ಲಿ ಸುದ್ದಿ ಪ್ರಸಾರ ಆದ ಮೇಲೆ ಮಿಕ್ಕ ಫುಟೇಜ್ ಕಡೆ ಯಾರು ತಿರುಗಿ ನೋಡುತ್ತಾರೆ?

ಮೊದಲು 'ಹೈಸ್ಕೂಲ್'

ಹೆಚ್ಚಿನವರು ಮೊದಲ ಚಿತ್ರ 'ಟಿಟಿಕಟ್ ಫಾಲೀಸ್'ನಿಂದ ಶುರು ಮಾಡುತ್ತಾರೆ. ಬೇಡ. ಅದರಲ್ಲಿ ಕಾಣುವ ಕ್ರೌರ್ಯ ಎಷ್ಟು ತೀವ್ರ ಎಂದರೆ ಕಟ್ ಕಡೆ, ಅಂದರೆ ಒಂದು ಚಿತ್ರಿಕೆಯಿಂದ ಇನ್ನೊಂದಕ್ಕೆ ಹಾರುವ ಜಾಗದ ಕಡೆ, ಗಮನವೇ ಹೋಗುವುದಿಲ್ಲ. 1968ರ 'ಹೈಸ್ಕೂಲ್' ಹಾಕಿ. ಬರೀ 75 ನಿಮಿಷ. ಫಿಲಡೆಲ್ಫಿಯಾದ ನಾರ್ತ್‌ಈಸ್ಟ್ ಹೈಸ್ಕೂಲ್ ಎಂಬ ಒಳ್ಳೆಯ ಹೆಸರಿದ್ದ ಶಾಲೆ. ಯಾರೂ ಯಾರನ್ನೂ ಹೊಡೆಯುವುದಿಲ್ಲ. ಮೇಷ್ಟ್ರುಗಳು ಗದರುತ್ತಾರೆ, ಉಪದೇಶ ಮಾಡುತ್ತಾರೆ, ಮಕ್ಕಳು ತಲೆ ಆಡಿಸುತ್ತಾರೆ. ನಮ್ಮ ನಿಮ್ಮ ಶಾಲೆಯ ಹಾಗೇ.

ಕೊನೆಯ ದೃಶ್ಯದ ಹೊತ್ತಿಗೆ ಎದ್ದು ಹೋಗಬೇಡಿ. ಪ್ರಾಂಶುಪಾಲೆ ಒಂದು ಕಾಗದ ಓದುತ್ತಾರೆ. ಬರೆದವನು ಹಳೆಯ ವಿದ್ಯಾರ್ಥಿ, ವಿಯೆಟ್ನಾಂ ಯುದ್ಧದಲ್ಲಿ ವಿಮಾನದಿಂದ ಧುಮುಕಲಿರುವವನು. ತಾನು ಸತ್ತರೆ ವಿಮೆಯ ಹಣ ಶಾಲೆಗೆ ಸೇರಲಿ ಅಂತ ಬರೆದಿದ್ದಾನೆ. ತಾನು ಕೆಲಸ ಮಾಡುತ್ತಿರುವ ಬರೀ ಒಂದು ದೇಹ ಅಂತಲೂ ಬರೆದಿದ್ದಾನೆ. ಓದಿ ಮುಗಿಸಿದ ಮೇಡಂ, ಇಂಥ ಕಾಗದ ಬಂತು ಅಂದರೆ ನಮ್ಮ ಶಾಲೆ ಗೆದ್ದಿದೆ ಎಂದೇ ಅರ್ಥ ಅನ್ನುತ್ತಾರೆ. ಅಲ್ಲಿಗೆ ಚಿತ್ರ ಕಟ್. ಅವರ ಗಂಟಲು ಕಟ್ಟಿದೆ, ಮಾತು ನಿಜವಾಗಿಯೂ ಮನಸ್ಸಿನಿಂದ ಬಂದಿದೆ. ಆದರೆ ಹಿಂದಿನ ಒಂದು ಗಂಟೆಯಲ್ಲಿ ಹೇಳಿದ್ದಕ್ಕೆಲ್ಲ ತಲೆ ಆಡಿಸುವುದನ್ನೇ ಮಕ್ಕಳಿಗೆ ಕಲಿಸುವುದನ್ನು ನಾವು ನೋಡಿರುತ್ತೇವಲ್ಲ, ಅದೇ ಮಾತು ನಮಗೆ ಬೇರೆ ಥರ ಕೇಳುತ್ತದೆ. ಇದೇ ದೃಶ್ಯ ಚಿತ್ರದ ಶುರುವಿನಲ್ಲಿ ಇದ್ದಿದ್ದರೆ? ಶಾಲೆಯ ಹೆಮ್ಮೆಯ ಕತೆ ಆಗುತ್ತಿತ್ತು. ಒಂದೇ ಒಂದು ಪದ ಸೇರಿಸದೆ, ಜಾಗ ಬದಲಾಯಿಸಿಯೇ ಅರ್ಥ ತಿರುಗಿಸಿದ್ದಾರೆ. ಇದು ಸಿಕ್ಕಿತು ಅಂದರೆ ಅವರ ಮಿಕ್ಕ ಚಿತ್ರಗಳಿಗೆ ಕೀಲಿಕೈ ಸಿಕ್ಕ ಹಾಗೆ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ

ಎರಡನೆಯ ಚಿತ್ರದಿಂದ ಬರೆದುಕೊಳ್ಳುತ್ತಾ ನೋಡಿ. ಪುಟದ ಮಧ್ಯೆ ಗೆರೆ ಹಾಕಿ. ಎಡಗಡೆ ಸನ್ನಿವೇಶ: ಎಲ್ಲಿ, ಯಾರು ಯಾರ ಹತ್ತಿರ ಏನು ಕೇಳುತ್ತಿದ್ದಾರೆ. ನಾಲ್ಕು ಪದ ಸಾಕು. ಬಲಗಡೆ, ಇದರ ಹಿಂದೆ ಏನಿತ್ತು, ಅದಕ್ಕೂ ಇದಕ್ಕೂ ಏನು ಸಂಬಂಧ. ಬಲಗಡೆ ಬಹಳ ಸಲ ಖಾಲಿ ಉಳಿಯುತ್ತದೆ. ಉಳಿಯಲಿ, ಆಮೇಲೆ ತುಂಬಿಕೊಳ್ಳುತ್ತದೆ.

2017ರ 'ಎಕ್ಸ್ ಲಿಬ್ರಿಸ್' ಇದಕ್ಕೆ ಹೇಳಿ ಮಾಡಿಸಿದ್ದು. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಕುರಿತ 197 ನಿಮಿಷದ ಚಿತ್ರ. ಶುರುವಿಗೇ ವಿಜ್ಞಾನಿ ರಿಚರ್ಡ್ ಡಾಕಿನ್ಸ್ ಜನರ ಎದುರು ನಂಬಿಕೆ, ಪುರಾವೆ ಅಂತೆಲ್ಲ ಮಾತಾಡುತ್ತಿದ್ದಾರೆ. ಸ್ವಲ್ಪ ಹೊತ್ತಿಗೇ ಲೈಬ್ರರಿಯ ಫೋನ್ ಸಹಾಯವಾಣಿ. ಆ ಕಡೆಯಿಂದ ಯಾರೋ ಯುನಿಕಾರ್ನ್ ಬಗ್ಗೆ ವಿಚಾರಿಸುತ್ತಿದ್ದಾರೆ. ಅದು ಕಲ್ಪನೆಯ ಪ್ರಾಣಿ ಎಂದು ಸಿಬ್ಬಂದಿ ಚೂರೂ ನಗದೆ, ಮರ್ಯಾದೆಯಿಂದ ತಿಳಿಸುತ್ತಾರೆ. ನನ್ನ ಪುಟದ ಬಲಗಡೆ ಬರೆದಿದ್ದು ಇಷ್ಟು: 'ವೇದಿಕೆಯಲ್ಲೂ ಫೋನಿನಲ್ಲೂ ಒಂದೇ ಕೆಲಸ'. ಇಂಥ ಜೋಡಿ ಕಂಡ ಮೇಲೆ, ಶಾಖಾ ಗ್ರಂಥಾಲಯದಲ್ಲಿ ಮಕ್ಕಳಿಗೆ ಹೋಮ್‌ವರ್ಕ್ ಹೇಳಿಕೊಡುವುದು, ಆಡಳಿತ ಮಂಡಳಿಯವರು ಹಣದ ಲೆಕ್ಕ ಹಾಕುವುದು ಯಾಕೆ ಮತ್ತೆ ಮತ್ತೆ ಬರುತ್ತದೆ ಅಂತ ತಾನಾಗೇ ಹೊಳೆಯತೊಡಗುತ್ತದೆ.

ಸನ್ನಿವೇಶಗಳ ಮಧ್ಯೆ ಬರುವ ಬೀದಿ, ಕಾರಿಡಾರ್, ಕಟ್ಟಡದ ಮುಖ, ಸಿಗ್ನಲ್ ದೀಪ, ಇವನ್ನು ಮಾತ್ರ ಬಿಡಬೇಡಿ. ಚಾನೆಲ್ ಭಾಷೆಯಲ್ಲಿ ಹೇಳುವುದಾದರೆ ಫಿಲ್ಲರ್, ಸುಮ್ನೆ ಜಾಗ ತುಂಬಿಸುವ ಚಿತ್ರ. ಅವರಲ್ಲಿ ಅದು ಫಿಲ್ಲರ್ ಅಲ್ಲ. ಒಂದು ವಿಷಯ ಮುಗಿಯಿತು, ಉಸಿರು ಎಳೆದುಕೊಳ್ಳಿ, ಈಗ ಊರಿನ ಬೇರೆ ಭಾಗಕ್ಕೆ ಬಂದಿದ್ದೇವೆ ಎಂದು ಹೇಳುವ ಜಾಗ ಅದು. ಪುಟದಲ್ಲಿ ಅಲ್ಲೊಂದು ಅಡ್ಡಗೆರೆ ಎಳೆಯಿರಿ.

ಕೇಳಿಸಿಕೊಳ್ಳುವವರ ಮುಖ ನೋಡಿ

ಎಡಿಟರ್ ಅಲ್ಲದವರಿಗೆ ಸುಲಭಕ್ಕೆ ಕಾಣದ ಒಂದು ವಿಷಯ ಇದೆ. ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಇವರದು ಒಂದೇ ಕ್ಯಾಮೆರಾ. ಒಬ್ಬ ಅಧಿಕಾರಿ ಮಾತಾಡುತ್ತಿದ್ದಾನೆ ಅಂದುಕೊಳ್ಳಿ. ಮಾತು ನಡೆದಿರುವಾಗಲೇ ಪರದೆಯಲ್ಲಿ ಎದುರು ಕೂತ ಹೆಂಗಸಿನ ಮುಖ ಬರುತ್ತದೆ, ನಾಲ್ಕು ಸೆಕೆಂಡ್. ಮತ್ತೆ ಅಧಿಕಾರಿ. ಒಂದೇ ಕ್ಯಾಮೆರಾ ಒಂದೇ ಹೊತ್ತಿಗೆ ಇಬ್ಬರನ್ನೂ ಹೇಗೆ ಹಿಡಿದೀತು? ಹಿಡಿಯಲಾರದು. ಕ್ಯಾಮೆರಾ ತಾನೇ ಅತ್ತಿತ್ತ ತಿರುಗಿದ್ದು ಕಂಡರೆ ಸರಿ. ಕಾಣದೆ ಕಟ್ ಆಗಿದ್ದರೆ, ಆ ಮುಖ ಅದೇ ಕೋಣೆಯಲ್ಲಿ ಬೇರೆ ನಿಮಿಷದಲ್ಲಿ ತೆಗೆದದ್ದು. ಆ ನಾಲ್ಕು ಸೆಕೆಂಡಿನ ಕೆಳಗೆ ಅಧಿಕಾರಿಯ ಮಾತಿನಿಂದ ಹತ್ತು ನಿಮಿಷವನ್ನೇ ತೆಗೆದಿರಬಹುದು. ಶಬ್ದ ಮಾತ್ರ ಒಂದೇ ಉಸಿರಿನ ಹಾಗೆ ಹರಿಯುತ್ತದೆ. ಒಂದೂವರೆ ಗಂಟೆಯ ಮೀಟಿಂಗ್ ಐದಾರು ನಿಮಿಷಕ್ಕೆ ಇಳಿಯುವುದು ಹೀಗೆ.

ಇದು ಮೋಸ ಅನ್ನಿಸುತ್ತದಾ? ಕೆಲವರಿಗೆ ಅನ್ನಿಸಿದೆ. ಆದರೆ ತಾನು ವಸ್ತುನಿಷ್ಠ ಎಂದು ವೈಸ್‌ಮನ್ ಯಾವತ್ತೂ ಹೇಳಿಕೊಂಡಿಲ್ಲ. ಗೋಡೆ ಮೇಲಿನ ನೊಣದ ಹಾಗೆ ಸುಮ್ನೆ ಕೂತು ನೋಡುವುದು ಅನ್ನುವ ವರ್ಣನೆ ಅವರಿಗೆ ಆಗುತ್ತಿರಲಿಲ್ಲ. ಪ್ರತಿ ಕಟ್‌ನಲ್ಲೂ ಆಯ್ಕೆ ಇದೆ, ಅಷ್ಟೇ. ಒಂದು ಸಲ ಈ ಕೀಲುಗಳನ್ನು ಗುರುತಿಸಲು ಕಲಿತರೆ, ಯಾರ ಮುಖವನ್ನು ಆರಿಸಿದ್ದಾರೆ ಅನ್ನುವುದೇ ನಿರ್ದೇಶಕರ ಅಭಿಪ್ರಾಯ ಎಂದು ಗೊತ್ತಾಗುತ್ತದೆ. ಬೇಜಾರಾದ ಮುಖವಾ, ಅರ್ಥವಾಗದ ಮುಖವಾ, ಒಳಗೊಳಗೇ ಕುದಿಯುತ್ತಿರುವ ಮುಖವಾ?

ಇದನ್ನು ಅಭ್ಯಾಸ ಮಾಡಲಿಕ್ಕೆ 1975ರ 'ವೆಲ್‌ಫೇರ್' ಒಳ್ಳೆಯದು. ನ್ಯೂಯಾರ್ಕ್‌ನ ಸರ್ಕಾರಿ ನೆರವಿನ ಕಚೇರಿ, 167 ನಿಮಿಷ, ಕಪ್ಪು ಬಿಳುಪು. ಇಡೀ ಚಿತ್ರ ಕೌಂಟರ್, ಬೆಂಚು, ಕ್ಯೂ. ಈ ಕಾಗದ ತನ್ನಿ, ಆ ಕಚೇರಿಗೆ ಹೋಗಿ, ನಾಳೆ ಬನ್ನಿ. ಕೊನೆಯ ಹೊತ್ತಿಗೆ ಒಬ್ಬ ಮನುಷ್ಯ ಮೇಲೆ ನೋಡಿಕೊಂಡು ದೇವರ ಜೊತೆ ಮಾತಾಡುತ್ತಾನೆ. ಆಸ್ಪತ್ರೆಯಿಂದ ಬಂದಾಗಿನಿಂದ ಕಾಯುತ್ತಲೇ ಇದ್ದೇನೆ ಅನ್ನುತ್ತಾನೆ, ಬೆಕೆಟ್ ನಾಟಕದಲ್ಲಿ ಎಷ್ಟು ಕಾದರೂ ಬಾರದೇ ಹೋದ ಗೊಡೋನ ಹೆಸರು ಎತ್ತುತ್ತಾನೆ. ನಾಟಕಕಾರ ಬರೆದಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು.

ಉದ್ದದ ಚಿತ್ರ ನೋಡುವ ಉಪಾಯ

2020ರ 'ಸಿಟಿ ಹಾಲ್' 272 ನಿಮಿಷ. ಬಾಸ್ಟನ್ ನಗರಾಡಳಿತದ ಕುರಿತದ್ದು. ಒಂದೇ ಕೂರಿಕೆಯಲ್ಲಿ ನೋಡಬೇಕೆಂಬ ಹಟ ಬೇಡ. ಆದರೆ ನಿದ್ದೆ ಬಂದ ಕಡೆ ನಿಲ್ಲಿಸಬೇಡಿ, ನೋಟ್‌ಬುಕ್ಕಿನಲ್ಲಿ ಅಡ್ಡಗೆರೆ ಬಿದ್ದ ಕಡೆ ನಿಲ್ಲಿಸಿ. ಎರಡು ಸಂಜೆಗೆ ಸರಿಯಾಗುತ್ತದೆ. ಮೂರಾದರೆ ಮೊದಲ ಭಾಗ ಮರೆತುಹೋಗಿ, ದೂರದ ಸನ್ನಿವೇಶಗಳ ಮಧ್ಯದ ಕೊಂಡಿ ತಪ್ಪುತ್ತದೆ. ಫೋನ್ ಇನ್ನೊಂದು ಕೋಣೆಯಲ್ಲಿರಲಿ.

ಒಬ್ಬರೇ ನೋಡುವುದಕ್ಕಿಂತ, ಚಿತ್ರದಲ್ಲಿ ಕಾಣುವ ಕೆಲಸ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಚೆನ್ನ. ನಮ್ಮ ಮಾವ ಗ್ರಾಮ ಪಂಚಾಯಿತಿ ಕಾರ್ಯದರ್ಶಿಯಾಗಿ ನಿವೃತ್ತರಾದವರು. ಇಲ್ಲಿಗೆ ಬಂದಿದ್ದಾಗ ಅವರ ಜೊತೆ 'ಸಿಟಿ ಹಾಲ್' ನೋಡಿದೆ. ಕಸದ ಲಾರಿ ಒಂದಿಡೀ ಹಾಸಿಗೆಯನ್ನು ಅಗಿದು ನುಂಗುವುದನ್ನು ಕಣ್ಣು ಮಿಟುಕಿಸದೆ ನೋಡಿದರು. ಪಾರ್ಕಿಂಗ್ ದಂಡದ ವಿಚಾರಣೆ ಬರುತ್ತದೆ, ಮಗು ಹುಟ್ಟುವ ಗಡಿಬಿಡಿಯಲ್ಲಿ ಕಾರು ನಿಲ್ಲಿಸಿದವನ ದಂಡವನ್ನು ಅಧಿಕಾರಿ ಮನ್ನಾ ಮಾಡುತ್ತಾರೆ. 'ಕೈಯಲ್ಲಿ ಅಷ್ಟಾದರೂ ಅಧಿಕಾರ ಇರ್ಬೇಕಮ್ಮ' ಅಂದರು. ಕೊನೆಯ ಕಡೆ ಡಾರ್ಚೆಸ್ಟರ್ ಎಂಬ ಬಡಾವಣೆಯಲ್ಲಿ ಗಾಂಜಾ ಅಂಗಡಿ ತೆರೆಯುವ ಬಗ್ಗೆ ಉದ್ದದ ಸಭೆ ಇದೆ. ಅಲ್ಲಿ ಅದು ಕಾನೂನುಬದ್ಧ. ಅಂಗಡಿಯವರು ನಯವಾಗಿ ಮಾತಾಡುತ್ತಾರೆ, ಜನ ಒಬ್ಬೊಬ್ಬರಾಗಿ ಏಳುತ್ತಾರೆ: ನಮ್ಮನ್ನು ಯಾಕೆ ಮೊದಲೇ ಕೇಳಲಿಲ್ಲ, ಕೆಲಸ ಯಾರಿಗೆ ಸಿಗುತ್ತದೆ? ನಾನು ಕಟ್ ಎಣಿಸುತ್ತಿದ್ದೆ. ಮಾವ ಹೇಳಿದ್ದು, 'ಪ್ರಶ್ನೆ ಯಾರೂ ಉತ್ತರಕ್ಕೆ ಕೇಳ್ತಿಲ್ಲ, ನಡಾವಳಿಗೆ ಬರ್ಲಿ ಅಂತ ಕೇಳ್ತಿದಾರೆ'. ಇದು ನನಗೆ ಹೊಳೆಯುವುದು ಸಾಧ್ಯವೇ ಇರಲಿಲ್ಲ.

ಅದೇ ರೀತಿ ಆಸ್ಪತ್ರೆಯಲ್ಲಿ ಕೆಲಸ ಮಾಡುವವರ ಜೊತೆ 1970ರ 'ಹಾಸ್ಪಿಟಲ್' ನೋಡಿ. ಅಡುಗೆ ಗೊತ್ತಿರುವವರ ಜೊತೆ 2023ರ 'ಮೆನ್ಯೂ-ಪ್ಲೆಸೀರ್', ಫ್ರಾನ್ಸಿನ ತ್ರೊಗ್ರೊ ಕುಟುಂಬದ ಹೋಟೆಲಿನ ಕುರಿತ ನಾಲ್ಕು ಗಂಟೆಯ ಚಿತ್ರ. ನ್ಯೂಯಾರ್ಕ್‌ನಲ್ಲಿರುವ ನಮ್ಮವರಿಗೆ 2015ರ 'ಇನ್ ಜಾಕ್ಸನ್ ಹೈಟ್ಸ್' ಬೇರೆಯದೇ ಖುಷಿ ಕೊಡುತ್ತದೆ. ಸೀರೆ, ಚಿನ್ನ, ದಿನಸಿಗೆ ಎಲ್ಲರೂ ಹೋಗುವ ಬಡಾವಣೆ ಅದು. ಟ್ಯಾಕ್ಸಿ ಲೈಸೆನ್ಸ್‌ಗೆ ಓದುವವರಿಗೆ ದಿಕ್ಕು ಹೇಳಿಕೊಡುವ ತರಗತಿ ಒಂದಿದೆ, ನಗದೆ ನೋಡುವುದು ಕಷ್ಟ.

ಈಗ 'ಟಿಟಿಕಟ್ ಫಾಲೀಸ್'

ಐದಾರು ಚಿತ್ರ ನೋಡಿ ಆದ ಮೇಲೆ ಇದಕ್ಕೆ ಬನ್ನಿ. ಮಕ್ಕಳು ಮನೆಯಲ್ಲಿ ಎದ್ದಿರುವಾಗ ಬೇಡ.

ಮ್ಯಾಸಚೂಸೆಟ್ಸ್‌ನ ಬ್ರಿಡ್ಜ್‌ವಾಟರ್‌ನಲ್ಲಿ ಮಾನಸಿಕ ಕಾಯಿಲೆಯ ಅಪರಾಧಿಗಳನ್ನು ಇಡುತ್ತಿದ್ದ ಸರ್ಕಾರಿ ಸಂಸ್ಥೆ. ವೈಸ್‌ಮನ್ ತಮ್ಮ ಕಾನೂನು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ನಾಳೆ ವಕೀಲರೋ ನ್ಯಾಯಾಧೀಶರೋ ಆಗಿ ಜನರನ್ನು ಎಲ್ಲಿಗೆ ಕಳಿಸುತ್ತೀರಿ ನೋಡಿಕೊಳ್ಳಿ ಅಂತ. 1966ರಲ್ಲಿ ಅನುಮತಿ ಪಡೆದು ಅಲ್ಲೇ ಚಿತ್ರೀಕರಣ ಮಾಡಿದರು, ಕ್ಯಾಮೆರಾ ಜಾನ್ ಮಾರ್ಷಲ್ ಅವರದು.

ಊಟ ಬಿಟ್ಟ ಒಬ್ಬ ಖೈದಿಗೆ ಮೂಗಿನಿಂದ ಕೊಳವೆ ಇಳಿಸಿ ಆಹಾರ ಹುಯ್ಯುವ ದೃಶ್ಯ ಇದೆ. ಡಾಕ್ಟರ್ ಬಾಯಲ್ಲಿ ಸಿಗರೇಟು. ಬೂದಿ ಉದ್ದಕ್ಕೆ ಬೆಳೆದು ಬಾಗಿದೆ, ನೇರ ಕೆಳಗೆ ಲಾಳಿಕೆ. ನಮ್ಮ ಕಣ್ಣೆಲ್ಲ ಆ ಬೂದಿಯ ಮೇಲೆ. ಇದರ ನಡುನಡುವೆ ಅದೇ ಮನುಷ್ಯ ಸತ್ತ ಮೇಲೆ ಅವನ ಹೆಣಕ್ಕೆ ಗಡ್ಡ ಬೋಳಿಸಿ ಸಿದ್ಧಪಡಿಸುವ ತುಣುಕುಗಳು ಬರುತ್ತವೆ. ಬದುಕಿದ್ದಾಗಿಗಿಂತ ಸತ್ತ ಮೇಲೆ ಹೆಚ್ಚು ಜೋಪಾನ. ಇದು ಅತಿಯಾಯಿತು ಎಂದು ಮುಂದೆ ವೈಸ್‌ಮನ್ ಅವರೇ ಹೇಳಿದರು. ಆಮೇಲಿನ ಚಿತ್ರಗಳಲ್ಲಿ ಹೀಗೆ ಹಿಂದೆಮುಂದೆ ಕತ್ತರಿಸಿ ಕೈಹಿಡಿದು ತೋರಿಸುವುದು ಕಾಣುವುದಿಲ್ಲ. ಇದನ್ನು ಮೊದಲೇ ನೋಡಬೇಡಿ ಅಂದದ್ದು ಇದಕ್ಕೂ ಹೌದು. ಆಮೇಲಿನ ಚಿತ್ರಗಳನ್ನು ನೋಡಿ ಇದಕ್ಕೆ ಬಂದರೆ, ಈ ಮನುಷ್ಯ ಏನನ್ನು ಬಿಟ್ಟರು ಅಂತ ಗೊತ್ತಾಗುತ್ತದೆ.

ರಾಜ್ಯ ಸರ್ಕಾರ ಕೋರ್ಟಿಗೆ ಹೋಯಿತು. ಖೈದಿಗಳ ಖಾಸಗಿತನಕ್ಕೆ ಧಕ್ಕೆ ಅನ್ನುವುದು ವಾದ. 1968ರ ಜನವರಿಯಲ್ಲಿ ನ್ಯಾಯಾಧೀಶರು ಚಿತ್ರವನ್ನೇ ನಾಶ ಮಾಡಲು ಆದೇಶಿಸಿದರು. 1969ರಲ್ಲಿ ರಾಜ್ಯದ ಉನ್ನತ ನ್ಯಾಯಾಲಯ ಸ್ವಲ್ಪ ಸಡಿಲಿಸಿ ವೈದ್ಯರು, ವಕೀಲರು, ಸಮಾಜ ಕಾರ್ಯಕರ್ತರು, ಆ ವಿಷಯಗಳ ವಿದ್ಯಾರ್ಥಿಗಳು ಮಾತ್ರ ನೋಡಬಹುದು ಅಂದಿತು. ಎಲ್ಲರೂ ನೋಡುವ ಹಾಗಾಗಿದ್ದು 1991ರಲ್ಲಿ. ಅಷ್ಟೂ ವರ್ಷ ಅವರ ಕಾನೂನು ಓದು ವ್ಯರ್ಥವಾಗಲಿಲ್ಲ ಬಿಡಿ.

ಕೊನೆಯ ಕಾರ್ಡುಗಳು ಬರುವವರೆಗೆ ಕೂತಿರಿ. 1966ರಿಂದ ಈಚೆಗೆ ಆ ಸಂಸ್ಥೆಯಲ್ಲಿ ಬದಲಾವಣೆ, ಸುಧಾರಣೆ ಆಗಿವೆ ಎಂದು ಚಿತ್ರದಲ್ಲಿ ಹಾಕಬೇಕು ಎಂದು ನ್ಯಾಯಾಲಯ ಹೇಳಿತ್ತು. ವೈಸ್‌ಮನ್ ಎರಡು ಕಾರ್ಡು ಹಾಕಿದರು. ಮೊದಲನೆಯದರಲ್ಲಿ, ಬದಲಾವಣೆ ಮತ್ತು ಸುಧಾರಣೆ ಆಗಿವೆ ಎಂಬ ವಿವರಣೆ ಹಾಕಬೇಕೆಂದು ನ್ಯಾಯಾಲಯ ಆದೇಶಿಸಿದೆ ಅಂತ. ಎರಡನೆಯದರಲ್ಲಿ, ಬದಲಾವಣೆ ಮತ್ತು ಸುಧಾರಣೆ ಆಗಿವೆ ಅಂತ. ಆದೇಶ ಪಾಲಿಸಿದ್ದಾರೆ, ಒಂದಕ್ಷರ ಜಾಸ್ತಿ ಇಲ್ಲ. ಆದರೂ ಎರಡನೇ ಕಾರ್ಡಿಗೆ ಥಿಯೇಟರಿನಲ್ಲಿ ನಗು ಏಳುತ್ತದೆ. ಬರೀ ಜೋಡಣೆಯಿಂದ ಎಷ್ಟು ಹೇಳಬಹುದು ಅನ್ನುವುದಕ್ಕೆ ನಾನು ಹೊಸ ಹುಡುಗರಿಗೆ ತೋರಿಸುವುದು ಈ ಎರಡು ಕಾರ್ಡುಗಳನ್ನೇ.

ಸಿಗುವುದು ಎಲ್ಲಿ

1971ರಲ್ಲಿ ವೈಸ್‌ಮನ್ ತಮ್ಮದೇ ವಿತರಣಾ ಸಂಸ್ಥೆ ಮಾಡಿಕೊಂಡರು: ಜಿಪೋರಾ ಫಿಲ್ಮ್ಸ್, ಹೆಂಡತಿಯ ಹೆಸರಿನದು. ದುಡ್ಡು ಹೆಚ್ಚಾಗಿ ಸಾರ್ವಜನಿಕ ಟಿವಿ ಪಿಬಿಎಸ್‌ನಿಂದ, ಫೌಂಡೇಶನ್‌ಗಳಿಂದ ಬರುತ್ತಿತ್ತು, ಚಿತ್ರದ ಹಕ್ಕು ಮಾತ್ರ ಅವರ ಬಳಿಯೇ ಉಳಿಯಿತು. 1982ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ಎಂಬ ದೊಡ್ಡ ಗೌರವಧನ, 2016ರಲ್ಲಿ ಗೌರವ ಆಸ್ಕರ್ ಬಂತು. ಹಕ್ಕು ಅವರದೇ ಆಗಿದ್ದರಿಂದ ಬಹಳ ಕಾಲ ಚಿತ್ರಗಳು ಸುಲಭಕ್ಕೆ ಸಿಗುತ್ತಿರಲಿಲ್ಲ. ಡಿವಿಡಿ ಬಂದದ್ದೂ ತಡವಾಗಿಯೇ. 2018ರಿಂದ, ಲೈಬ್ರರಿಗಳ ಮೂಲಕ ಸಿನಿಮಾ ತೋರಿಸುವ ಕ್ಯಾನೊಪಿ ಎಂಬ ಆನ್‌ಲೈನ್ ತಾಣದಲ್ಲಿ ಬಂದವು. ಅಮೆರಿಕದಲ್ಲಿರುವವರಿಗೆ ಲೈಬ್ರರಿ ಕಾರ್ಡ್ ಇದ್ದರೆ ಸಾಕು, ನಿಮ್ಮ ಊರಿನ ಲೈಬ್ರರಿ ಅದಕ್ಕೆ ಸೇರಿದೆಯಾ ಕೇಳಿ. ತಿಂಗಳಿಗೆ ಇಷ್ಟೇ ಅಂತ ಮಿತಿ ಇರುತ್ತದೆ, ಹಾಗಾಗಿ ಚಿಕ್ಕ ಚಿತ್ರ, ದೊಡ್ಡ ಚಿತ್ರ ಯೋಚಿಸಿ ಆರಿಸಿ. ವಿಶ್ವವಿದ್ಯಾಲಯದಲ್ಲಿ ಓದುವ ಮಕ್ಕಳಿದ್ದರೆ ಅವರ ಲೈಬ್ರರಿಯಲ್ಲೂ ವಿಚಾರಿಸಿ. ಕರ್ನಾಟಕದಲ್ಲಿರುವವರು ಫಿಲ್ಮ್ ಸೊಸೈಟಿಯವರನ್ನು ಪೀಡಿಸುವುದು ಒಳ್ಳೆಯದು, ಜಿಪೋರಾದವರು ಸಂಸ್ಥೆಗಳಿಗೆ ಪ್ರದರ್ಶನದ ಹಕ್ಕು ಕೊಡುತ್ತಾರೆ. ಇಂಗ್ಲಿಷ್ ಸಬ್‌ಟೈಟಲ್ ಇದೆಯಾ ಅಂತ ಮೊದಲೇ ಖಾತ್ರಿ ಮಾಡಿಕೊಳ್ಳಿ. ಎಪ್ಪತ್ತರ ದಶಕದ ನ್ಯೂಯಾರ್ಕ್ ಇಂಗ್ಲಿಷ್, ಅದರಲ್ಲೂ ಕ್ಯೂನಲ್ಲಿ ಜಗಳ ಆಡುವವರದು, ಇಲ್ಲೇ ಇರುವ ನನಗೂ ಒಮ್ಮೊಮ್ಮೆ ಸಿಗುವುದಿಲ್ಲ.

ಆರು ಗಂಟೆಯ ಚಿತ್ರ ಅಂದೆನಲ್ಲ, ಅದು 1989ರ 'ನಿಯರ್ ಡೆತ್', 358 ನಿಮಿಷ. ಬಾಸ್ಟನ್‌ನ ಬೆತ್ ಇಸ್ರೇಲ್ ಆಸ್ಪತ್ರೆಯ ಐಸಿಯು. ಉಸಿರಾಟದ ಯಂತ್ರ ತೆಗೆಯಬೇಕಾ ಬೇಡವಾ ಅಂತ ಡಾಕ್ಟರು, ನರ್ಸು, ಮನೆಯವರು ಮತ್ತೆ ಮತ್ತೆ ಮಾತಾಡುತ್ತಾರೆ. ಅದೇ ಮಾತು ತಿರುಗಿ ತಿರುಗಿ ಬರುತ್ತದೆ, ಯಾಕೆಂದರೆ ಅಂಥ ಮನೆಗಳಲ್ಲಿ ಮಾತು ನಡೆಯುವುದೇ ಹಾಗೆ. ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ. ಹತ್ತಿರದವರು ಯಾರಾದರೂ ಆಸ್ಪತ್ರೆಯಲ್ಲಿದ್ದರೆ ಆ ವರ್ಷ ಮುಟ್ಟಬೇಡಿ. ನೋಡುವಾಗ ನೋಟ್‌ಬುಕ್ ಬೇಕಾಗುವುದಿಲ್ಲ.